ಯಾರೂ ಇಲ್ಲದೆಡೆ ಕೇಳುವ ದನಿ: ಮಿದುಳಿನ ಜಾಲದಲ್ಲಿ ನಡೆಯುವುದೇನು?

ಚಿತ್ರದುರ್ಗ: ಪದವಿ ಮುಗಿಸಿದ ಮಗ ಕೆಲವು ತಿಂಗಳಿಂದ ಯಾರೊಡನೆಯೂ ಬೆರೆಯುತ್ತಿಲ್ಲ. ರಾತ್ರಿ ನಿದ್ದೆಯಿಲ್ಲ, ಊಟದ ಮೇಲೆ ಗಮನವಿಲ್ಲ. ಗೋಡೆಯತ್ತ ತಿರುಗಿ ಯಾರಿಗೋ ಉತ್ತರ ಕೊಡುತ್ತಾನೆ. ವಿಚಾರಿಸಿದರೆ, 'ಅವರು ನನ್ನನ್ನೇ ಬೈಯುತ್ತಿದ್ದಾರೆ, ನಿಮಗೆ ಕೇಳಿಸುತ್ತಿಲ್ಲವೇ?' ಎಂದು ಮರುಪ್ರಶ್ನೆ ಹಾಕುತ್ತಾನೆ. ಮನೆಯವರು ಮೊದಲು ಹರಕೆ ಹೊರುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಗುಣ ಕಾಣದಿದ್ದಾಗ ಯಾರೋ ಹೇಳಿದ ಮಾತು ಕೇಳಿ, ಸಾಲ ಮಾಡಿ, ನಗರಕ್ಕೆ ಕರೆತಂದು ತಲೆಯ ಸ್ಕ್ಯಾನ್ ಮಾಡಿಸುತ್ತಾರೆ. ವರದಿಯಲ್ಲಿ ಬರುವುದು ಒಂದೇ ಮಾತು: 'ನಾರ್ಮಲ್'.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಹಳ್ಳಿಗಳಿರಲಿ, ಕೋಟೆಯ ನಗರವೇ ಇರಲಿ, ಇಂಥ ಸನ್ನಿವೇಶ ಎಲ್ಲಿಯೂ ಎದುರಾಗಬಹುದು. ಅಪಾಯ ಆರಂಭವಾಗುವುದೇ ಆ 'ನಾರ್ಮಲ್' ವರದಿಯ ಬಳಿಕ. 'ತಲೆಯಲ್ಲಿ ಏನೂ ಇಲ್ಲವಂತೆ, ಇವನದು ಬರೀ ನಾಟಕ' ಎಂದು ಒಬ್ಬರು, 'ವೈದ್ಯರಿಗೆ ಸಿಗದ ಕಾಯಿಲೆ ಎಂದಮೇಲೆ ಇದು ಗಾಳಿಯೇ' ಎಂದು ಇನ್ನೊಬ್ಬರು ತೀರ್ಪು ಕೊಟ್ಟುಬಿಡುತ್ತಾರೆ. ಎರಡೂ ತಪ್ಪು. ಆ ವರದಿಯೂ ಸುಳ್ಳಲ್ಲ, ಆ ಯುವಕನ ಕಿವಿಗೆ ಬೀಳುವ ದನಿಯೂ ನಾಟಕವಲ್ಲ. ಇವೆರಡೂ ಏಕಕಾಲಕ್ಕೆ ನಿಜವಾಗುವುದು ಹೇಗೆ ಎಂಬುದಕ್ಕೆ ಕಳೆದ ಮೂರು ದಶಕಗಳ ನರವಿಜ್ಞಾನ ಉತ್ತರ ಹುಡುಕುತ್ತಿದೆ. ಆ ಹುಡುಕಾಟದಲ್ಲಿ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ (ನಿಮ್ಹಾನ್ಸ್) ಪಾಲೂ ದೊಡ್ಡದು.

ಏನಿದು ಸ್ಕಿಜೋಫ್ರೇನಿಯಾ?

ಕನ್ನಡದ ವೈದ್ಯಕೀಯ ಬರಹಗಳಲ್ಲಿ 'ಇಚ್ಚಿತ್ತ ವಿಕಲತೆ', 'ಛಿದ್ರಮನಸ್ಕತೆ' ಎಂದು ಕರೆಯಲಾಗುವ ಈ ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು 1908ರಲ್ಲಿ ಕೊಟ್ಟವರು ಸ್ವಿಟ್ಜರ್ಲೆಂಡ್‌ನ ಮನೋವೈದ್ಯ ಯೂಜೆನ್ ಬ್ಲಾಯ್ಲರ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 2.4 ಕೋಟಿ ಜನರಿಗೆ, ಅಂದರೆ ಹೆಚ್ಚುಕಡಿಮೆ ಪ್ರತಿ 300 ಮಂದಿಯಲ್ಲಿ ಒಬ್ಬರಿಗೆ, ಈ ತೊಂದರೆಯಿದೆ. ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನೊಳಗೆ ಕಾಣಿಸಿಕೊಳ್ಳುವುದು ಹೆಚ್ಚು. ಓದು, ಕೆಲಸ, ಮದುವೆ ಎಂದು ಬದುಕು ರೂಪುಗೊಳ್ಳುವ ಹೊತ್ತಿನಲ್ಲೇ ಇದು ಎರಗುವುದರಿಂದ ಒಬ್ಬರ ಕಾಯಿಲೆ ಇಡೀ ಕುಟುಂಬದ ಲೆಕ್ಕಾಚಾರವನ್ನು ತಲೆಕೆಳಗು ಮಾಡುತ್ತದೆ.

ಇದರ ಲಕ್ಷಣಗಳನ್ನು ಸ್ಥೂಲವಾಗಿ ಮೂರು ಗುಂಪಾಗಿ ನೋಡಬಹುದು. ಇಲ್ಲದ ದನಿ ಕೇಳುವುದು, ಇಲ್ಲದ್ದು ಕಾಣುವುದು, 'ನನ್ನನ್ನು ಕೊಲ್ಲಲು ಸಂಚು ನಡೆದಿದೆ' ಎಂಬಂಥ ಅಲುಗಾಡದ ಮಿಥ್ಯಾನಂಬಿಕೆ ಒಂದು ಗುಂಪು. ಮಾತು ಕಡಿಮೆಯಾಗುವುದು, ಉತ್ಸಾಹ ಬತ್ತುವುದು, ಸ್ನಾನ-ಶುಚಿಯ ಕಡೆಗೂ ಗಮನ ಇಲ್ಲವಾಗುವುದು ಇನ್ನೊಂದು. ಏಕಾಗ್ರತೆ, ನೆನಪು, ಯೋಜಿಸುವ ಶಕ್ತಿ ಕುಂದುವುದು ಮೂರನೆಯದು. ಮನೆಯವರು ಎರಡನೆಯ ಗುಂಪಿನ ಲಕ್ಷಣಗಳನ್ನು ಸೋಮಾರಿತನವೆಂದು ತಿಳಿದು ಗದರಿಸುವುದೇ ಹೆಚ್ಚು.

ಅನುವಂಶೀಯತೆಯ ಪಾತ್ರ ಇದರಲ್ಲಿ ದೊಡ್ಡದಾದರೂ ಅದೇ ಎಲ್ಲವೂ ಅಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೂ ಇನ್ನೊಬ್ಬರಿಗೆ ಬಾರದಿರುವ ಉದಾಹರಣೆಗಳು ಬಹಳ. ಹುಟ್ಟಿನ ಸಮಯದ ತೊಡಕುಗಳು, ಬಾಲ್ಯದ ಆಘಾತ, ಹರೆಯದಲ್ಲಿ ಗಾಂಜಾ ಸೇವನೆ ಮುಂತಾದವು ಅಪಾಯವನ್ನು ಹೆಚ್ಚಿಸುತ್ತವೆ. ತಂದೆ-ತಾಯಿಯ ಬೆಳೆಸುವಿಕೆಯಿಂದ ಅಥವಾ ಹಿಂದಿನ ಜನ್ಮದ ಪಾಪದಿಂದ ಬರುವ ಕಾಯಿಲೆ ಇದಲ್ಲ.

ದನಿ 'ಕೇಳುವುದು' ನಿಜ

ರೋಗಿಗೆ ದನಿ ಕೇಳಿಸುತ್ತದೆ ಎಂದರೆ ಆತ ಊಹಿಸಿಕೊಳ್ಳುತ್ತಿದ್ದಾನೆ ಎಂದು ಬಹುಕಾಲ ಭಾವಿಸಲಾಗಿತ್ತು. ಮಿದುಳಿನ ಚಿತ್ರಣ ತಂತ್ರಜ್ಞಾನ ಬಂದ ಮೇಲೆ ಈ ಭಾವನೆ ಬದಲಾಯಿತು. ಲಂಡನ್‌ನ ಸಂಶೋಧಕರು 12 ಮಂದಿ ರೋಗಿಗಳನ್ನು ದನಿ ಕೇಳುತ್ತಿರುವಾಗ ಒಮ್ಮೆ, ಅದು ನಿಂತ ಮೇಲೆ ಇನ್ನೊಮ್ಮೆ ಪರೀಕ್ಷಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ದನಿ ಕೇಳುತ್ತಿದ್ದಾಗ ಮಿದುಳಿನ ಎಡಮುಂಭಾಗದ 'ಬ್ರೋಕಾ' ಪ್ರದೇಶದಲ್ಲಿ ರಕ್ತಸಂಚಾರ ಹೆಚ್ಚಿತ್ತು. ಅಚ್ಚರಿಯ ಸಂಗತಿಯೆಂದರೆ, ಬ್ರೋಕಾ ಪ್ರದೇಶ ಮಾತನ್ನು ಕೇಳುವ ಭಾಗವಲ್ಲ, ಮಾತನ್ನು ಹುಟ್ಟಿಸುವ ಭಾಗ!

1999ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ಹೊರಗಿನ ಶಬ್ದವನ್ನು ಮೊದಲು ಸ್ವೀಕರಿಸುವ ಶ್ರವಣ ಪ್ರದೇಶವೂ ಭ್ರಮೆಯ ಹೊತ್ತಿನಲ್ಲಿ ಚುರುಕಾಗುವುದನ್ನು ತೋರಿಸಿತು. ರೋಗಿಯ ಮಿದುಳಿನ ಮಟ್ಟಿಗೆ ಆ ದನಿ, ಎದುರು ನಿಂತವರು ಆಡಿದ ಮಾತಿನಷ್ಟೇ ದಿಟ. 'ಹಾಗೇನೂ ಇಲ್ಲ, ಸುಮ್ಮನಿರು' ಎಂಬ ಮನೆಯವರ ಮಾತು ಆತನನ್ನು ಒಪ್ಪಿಸಲಾರದು ಏಕೆ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಹಾಗಾದರೆ ಮಾತು ಹುಟ್ಟಿಸುವ ಭಾಗವೂ ಕೇಳುವ ಭಾಗವೂ ಕೆಲಸ ಮಾಡುತ್ತಿವೆ. ಎರಡರಲ್ಲೂ ಗಾಯವಿಲ್ಲ, ಗಡ್ಡೆಯಿಲ್ಲ. ತಪ್ಪಿರುವುದು ಎಲ್ಲಿ?

ಚಿಕ್ಕಜಾಜೂರು ಜಂಕ್ಷನ್‌ನ ಪಾಠ

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಅನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆಯ ಮಾರ್ಗ ಕವಲೊಡೆಯುವುದು ಇಲ್ಲಿ. ನಿಲ್ದಾಣದ ಕಟ್ಟಡ ಗಟ್ಟಿಯಾಗಿರಬಹುದು, ಹಳಿಗಳೂ ಸರಿಯಿರಬಹುದು. ಆದರೆ ಸಿಗ್ನಲ್ ತಪ್ಪಿದರೆ, ಒಂದು ರೈಲು ಹೊರಟ ಸುದ್ದಿ ಮುಂದಿನ ನಿಲ್ದಾಣಕ್ಕೆ ತಲುಪದಿದ್ದರೆ, ಅಲ್ಲಿನ ಸಿಬ್ಬಂದಿಗೆ ತಮ್ಮದೇ ರೈಲು ಎಲ್ಲಿಂದಲೋ ಬಂದ ಅಪರಿಚಿತ ಗಾಡಿಯಂತೆ ಕಾಣುತ್ತದೆ. ನಿಲ್ದಾಣದ ಛಾಯಾಚಿತ್ರ ತೆಗೆದು ನೋಡಿದರೆ ಈ ದೋಷ ಕಾಣಿಸೀತೇ?

ಮಿದುಳೂ ಹೀಗೆಯೇ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ದೂರದ ಭಾಗಗಳನ್ನು ಬೆಸೆಯುವ ನರತಂತುಗಳ ಕಟ್ಟುಗಳು ಹಳಿಗಳಿದ್ದಂತೆ. ಮಾತು ಹುಟ್ಟಿಸುವ ಮುಂಭಾಗವನ್ನೂ ಮಾತು ಗ್ರಹಿಸುವ ಕಿವಿಯ ಮೇಲ್ಬದಿಯ ಭಾಗವನ್ನೂ ಜೋಡಿಸುವ ಬಿಲ್ಲಿನಾಕಾರದ ಕಟ್ಟಿಗೆ 'ಆರ್ಕ್ಯುಯೇಟ್ ಫ್ಯಾಸಿಕ್ಯುಲಸ್' ಎಂದು ಹೆಸರು. ಇದು ರಚನೆಯ ಸಂಪರ್ಕ. ಹಳಿಯ ಮೇಲೆ ಯಾವ ರೈಲು ಯಾವುದರೊಂದಿಗೆ ತಾಳ ಹೊಂದಿಸಿ ಓಡುತ್ತಿದೆ ಎಂಬುದು ಕಾರ್ಯದ ಸಂಪರ್ಕ.

ಈ ಎರಡನೆಯದನ್ನು ಅಳೆಯುವ ದಾರಿ ತೆರೆದವರು ಭಾರತ ಮೂಲದ ವಿಜ್ಞಾನಿ ಭರತ್ ಬಿಸ್ವಾಲ್. ಕ್ರಿಯಾತ್ಮಕ ಎಂ.ಆರ್.ಐ. ಯಂತ್ರ ಮಿದುಳಿನ ಯಾವ ಭಾಗಕ್ಕೆ ಆಮ್ಲಜನಕಯುಕ್ತ ರಕ್ತ ಎಷ್ಟು ಹರಿಯುತ್ತಿದೆ ಎಂಬುದನ್ನು ಕ್ಷಣಕ್ಷಣಕ್ಕೆ ದಾಖಲಿಸುತ್ತದೆ. ಮನುಷ್ಯ ಏನನ್ನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ ಮಿದುಳಿನ ಕೆಲವು ಭಾಗಗಳ ಏರಿಳಿತ ಒಂದೇ ಲಯದಲ್ಲಿ ಸಾಗುವುದನ್ನು ಬಿಸ್ವಾಲ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ದೂರದೂರದ ಎರಡು ಭಾಗಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅವು ಒಂದೇ ಜಾಲಕ್ಕೆ ಸೇರಿದವು ಎಂದರ್ಥ. ಅದೇ 1995ರಲ್ಲಿ ಬ್ರಿಟನ್ನಿನ ಕಾರ್ಲ್ ಫ್ರಿಸ್ಟನ್ ಮತ್ತು ಕ್ರಿಸ್ ಫ್ರಿತ್, ಸ್ಕಿಜೋಫ್ರೇನಿಯಾ ಮಿದುಳಿನ ಯಾವುದೋ ಒಂದು ಭಾಗದ ಕಾಯಿಲೆಯಲ್ಲ, ಭಾಗಗಳ ನಡುವಿನ ಸಂಪರ್ಕದ ಕಾಯಿಲೆ ಎಂಬ ವಾದವನ್ನು ಮುಂದಿಟ್ಟರು.

ಸ್ವಂತ ದನಿ ಪರಕೀಯವಾದಾಗ

ತನ್ನ ಕೈಯಿಂದ ತನಗೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ. ಕೈಗೆ ಆಜ್ಞೆ ಹೋಗುವಾಗಲೇ ಅದರ ಪ್ರತಿಯೊಂದು ಸ್ಪರ್ಶವನ್ನು ಗ್ರಹಿಸುವ ಭಾಗಕ್ಕೂ ತಲುಪಿ, 'ಇದು ನಮ್ಮದೇ' ಎಂದು ಮುನ್ಸೂಚನೆ ಕೊಟ್ಟಿರುತ್ತದೆ. ಮಾತಿಗೂ ಇದೇ ನಿಯಮ. ಆರೋಗ್ಯವಂತರು ಮಾತನಾಡುವಾಗ, ಮಾತು ಹುಟ್ಟಿಸುವ ಭಾಗ ಶ್ರವಣ ಭಾಗಕ್ಕೆ ಮೊದಲೇ ಸುದ್ದಿ ಮುಟ್ಟಿಸುತ್ತದೆ. ಹಾಗಾಗಿ ಸ್ವಂತ ದನಿಗೆ ಶ್ರವಣ ಭಾಗದ ಸ್ಪಂದನ ತಗ್ಗುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ತಗ್ಗುವಿಕೆ ಸಾಕಷ್ಟು ಆಗುವುದಿಲ್ಲ ಎಂಬುದನ್ನು ಅಮೆರಿಕದ ಜೂಡಿತ್ ಫೋರ್ಡ್ ಮತ್ತು ಡೇನಿಯಲ್ ಮ್ಯಾಥಲಾನ್ ಅವರ ತಂಡ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು ತೋರಿಸಿದೆ.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಪ್ರತಿಯೊಬ್ಬರೂ ಮನಸ್ಸಿನೊಳಗೆ ಮಾತನಾಡಿಕೊಳ್ಳುತ್ತಾರೆ: 'ಬೀಗ ಹಾಕಿದೆನೇ?', 'ಅವರು ಏನೆಂದುಕೊಂಡರೋ?' ಮುನ್ಸೂಚನೆ ತಲುಪದ ಮಿದುಳಿನಲ್ಲಿ ಈ ಒಳಮಾತಿನ ಮೇಲಿನ 'ಸ್ವಂತದ್ದು' ಎಂಬ ಮೊಹರು ಅಳಿಸಿಹೋಗುತ್ತದೆ. ಒಳಗೆ ಹುಟ್ಟಿದ ಮಾತು ಹೊರಗಿನವರ ದನಿಯಾಗಿ ಮರಳುತ್ತದೆ. ತನ್ನ ಅಳುಕು ತನಗೇ ಬೈಗುಳವಾಗಿ ಕೇಳುತ್ತದೆ. ಎಲ್ಲ ಬಗೆಯ ಭ್ರಮೆಗಳನ್ನೂ ಈ ಒಂದೇ ವಿವರಣೆಯಿಂದ ಬಿಡಿಸಲಾಗದಿದ್ದರೂ, ಇಂದು ಹೆಚ್ಚು ಚರ್ಚಿತವಾಗುತ್ತಿರುವ ವಿವರಣೆಗಳಲ್ಲಿ ಇದೂ ಒಂದು.

ಮೂರು ಜಾಲ, ಒಂದು ದ್ವಾರಪಾಲಕ

ಮಿದುಳಿನ ಹಲವು ಜಾಲಗಳಲ್ಲಿ ಮೂರು ಇಲ್ಲಿ ಮುಖ್ಯ. ಮೊದಲನೆಯದು, ಮನುಷ್ಯ ತನ್ನ ಬಗ್ಗೆ, ಹಿಂದಿನದು ಮುಂದಿನದರ ಬಗ್ಗೆ ಯೋಚಿಸುತ್ತಾ ಕುಳಿತಾಗ ಚುರುಕಾಗುವ ಜಾಲ. ಎರಡನೆಯದು, ಲೆಕ್ಕ ಮಾಡುವಾಗ, ವಾಹನ ಓಡಿಸುವಾಗ ದುಡಿಯುವ ಕಾರ್ಯನಿರ್ವಾಹಕ ಜಾಲ. ಮೂರನೆಯದು ದ್ವಾರಪಾಲಕನಂಥದು. ಯಾವ ಸುದ್ದಿ ಮಹತ್ವದ್ದು, ಯಾವುದು ಗಮನಕ್ಕೆ ಅರ್ಹವಲ್ಲ ಎಂದು ನಿರ್ಧರಿಸಿ ಮೊದಲೆರಡರ ನಡುವೆ ಅಧಿಕಾರ ಹಸ್ತಾಂತರಿಸುವುದು ಅದರ ಕೆಲಸ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನೋದ್ ಮೆನನ್ 2011ರಲ್ಲಿ ಮಂಡಿಸಿದ 'ತ್ರಿಜಾಲ' ಮಾದರಿಯ ಪ್ರಕಾರ, ಈ ದ್ವಾರಪಾಲಕನ ಎಡವಟ್ಟು ಹಲವು ಮಾನಸಿಕ ಕಾಯಿಲೆಗಳ ಮೂಲದಲ್ಲಿದೆ.

ಇದಕ್ಕೆ ಡೋಪಮಿನ್ ಎಂಬ ರಾಸಾಯನಿಕದ ಕಥೆಯೂ ಕೂಡಿಕೊಳ್ಳುತ್ತದೆ. ಯಾವುದೇ ಸಂಗತಿಗೆ 'ಇದು ಮುಖ್ಯ' ಎಂಬ ಗುರುತು ಹಾಕುವಲ್ಲಿ ಡೋಪಮಿನ್‌ನ ಪಾತ್ರ ದೊಡ್ಡದು. ಅದರ ಪ್ರಮಾಣ ಮತ್ತು ಹೊತ್ತು ತಪ್ಪಿದರೆ ಮುಖ್ಯವಲ್ಲದ್ದಕ್ಕೂ ಮಹತ್ವ ಬಂದುಬಿಡುತ್ತದೆ ಎಂದು ಭಾರತ ಮೂಲದ ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ವಿವರಿಸಿದರು. ದಾರಿಹೋಕನ ಕೆಮ್ಮು ಸಂಕೇತವಾಗುತ್ತದೆ, ದೂರದ ನಗು ಅಪಹಾಸ್ಯವಾಗುತ್ತದೆ, ಒಳಮಾತು ಆಜ್ಞೆಯಾಗುತ್ತದೆ. ಸದ್ಯ ಬಳಕೆಯಲ್ಲಿರುವ ಹೆಚ್ಚಿನ ಔಷಧಗಳು ಕೆಲಸ ಮಾಡುವುದು ಡೋಪಮಿನ್ ಸಂದೇಶವನ್ನು ತಗ್ಗಿಸುವ ಮೂಲಕವೇ.

ಇಂದ್ರಿಯಗಳ ಸುದ್ದಿಯನ್ನು ಮಿದುಳಿನ ಹೊರಪದರಕ್ಕೆ ಹಂಚುವ 'ಥಲಾಮಸ್' ಎಂಬ ಭಾಗವನ್ನು ಕುರಿತ ಹಲವು ಅಧ್ಯಯನಗಳಲ್ಲಿ ಇನ್ನೊಂದು ಸಂಗತಿ ಕಂಡಿದೆ. ಸ್ಕಿಜೋಫ್ರೇನಿಯಾದಲ್ಲಿ ಅದರ ಮತ್ತು ಇಂದ್ರಿಯ ಪ್ರದೇಶಗಳ ನಡುವಿನ ಸಂಪರ್ಕ ಅಗತ್ಯಕ್ಕಿಂತ ಬಿಗಿ, ವಿವೇಚಿಸುವ ಮುಂಭಾಗದೊಡನೆ ಸಡಿಲ. ಗದ್ದಲಕ್ಕೆ ಬಾಗಿಲು ತೆರೆದು, ಹಿರಿಯರಿಗೆ ಬಾಗಿಲು ಮುಚ್ಚಿದಂತೆ!

ಚೆನ್ನೈನಲ್ಲಿ ನೆಂಟರ ದನಿ

ಮಿದುಳು ಬರೀ ಕೇಳುವುದಿಲ್ಲ, ಮುಂದೇನು ಕೇಳಬಹುದೆಂದು ಸದಾ ಊಹಿಸುತ್ತಿರುತ್ತದೆ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಚಿತ್ರವನ್ನೂ ಒಂದು ನಾದವನ್ನೂ ಮತ್ತೆ ಮತ್ತೆ ಒಟ್ಟಿಗೆ ಕೊಡಲಾಯಿತು. ಬಳಿಕ ನಾದವನ್ನು ನಿಲ್ಲಿಸಿ ಚಿತ್ರವನ್ನಷ್ಟೇ ತೋರಿಸಿದಾಗಲೂ ಕೆಲವರು ನಾದ ಕೇಳಿತೆಂದರು. ಪ್ರತಿದಿನ ದನಿ ಕೇಳುವ ಅಭ್ಯಾಸವುಳ್ಳವರಲ್ಲಿ ಹೀಗೆ ಹೇಳುವ ಸಂಭವ ಉಳಿದವರಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ನಿರೀಕ್ಷೆಯ ಭಾರ ಇಂದ್ರಿಯದ ಸಾಕ್ಷ್ಯವನ್ನು ಮೀರಿದಾಗ ಭ್ರಮೆ ಹುಟ್ಟುತ್ತದೆ ಎಂಬುದು ಇದರ ಸಾರ.

ನಿರೀಕ್ಷೆಗಳನ್ನು ರೂಪಿಸುವುದು ಮನೆ ಮತ್ತು ಸಮಾಜ. ಮಾನವಶಾಸ್ತ್ರಜ್ಞೆ ತಾನ್ಯಾ ಲುಹ್ರ್‌ಮನ್ ಅವರು ಚೆನ್ನೈನ ಮನೋವೈದ್ಯರೊಡಗೂಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನಿದರ್ಶನ. ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ ಮತ್ತು ಚೆನ್ನೈಗಳಲ್ಲಿ ತಲಾ 20 ರೋಗಿಗಳನ್ನು ಮಾತನಾಡಿಸಲಾಯಿತು. ಅಮೆರಿಕದವರಿಗೆ ಕೇಳುವ ದನಿಗಳು ಬಹುಪಾಲು ಅಪರಿಚಿತ ಮತ್ತು ಹಿಂಸಾತ್ಮಕ. ಚೆನ್ನೈನ ಹಲವರಿಗೆ ಕೇಳಿದ್ದು ಬಂಧುಗಳ ದನಿ: ಮನೆಗೆಲಸ ಮಾಡೆಂದು ಹೇಳುವ, ಬೈಯುವ, ಬುದ್ಧಿ ಹೇಳುವ ದನಿ. ಕಾಯಿಲೆ ಒಂದೇ ಆದರೂ ದನಿಯ ಭಾಷೆ ಊರಿನದು, ಅದರ ಮುಖ ಮನೆಯವರದು.

ನಿಮ್ಹಾನ್ಸ್‌ನಲ್ಲಿ ನಡೆದದ್ದು

ನಿಮ್ಹಾನ್ಸ್‌ನ ದತ್ತಾಂಶವನ್ನು ಬಳಸಿ ಆ ಸಂಸ್ಥೆಯ ವೈದ್ಯರು, ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯ ಮತ್ತು ಐಬಿಎಂ ಸಂಶೋಧಕರು ಜೊತೆಗೂಡಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇನ್ನೂ ಔಷಧ ಆರಂಭಿಸದ 81 ರೋಗಿಗಳ ಮತ್ತು 93 ಆರೋಗ್ಯವಂತರ ವಿಶ್ರಾಂತ ಸ್ಥಿತಿಯ ಮಿದುಳಿನ ಚಿತ್ರಗಳನ್ನು ಗಣಕಯಂತ್ರಕ್ಕೆ ಕಲಿಸಲಾಯಿತು. ಜಾಲಗಳ ಲಯವನ್ನಷ್ಟೇ ನೋಡಿ ಯಾರಿಗೆ ಕಾಯಿಲೆಯಿದೆ ಎಂಬುದನ್ನು ಅದು ಶೇ. 87ರಷ್ಟು ನಿಖರತೆಯಿಂದ ಗುರುತಿಸಿತು. ಕಣ್ಣಿಗೆ 'ನಾರ್ಮಲ್' ಎನಿಸುವ ಮಿದುಳಿನ ಸಂಪರ್ಕದಲ್ಲಿ ವ್ಯತ್ಯಾಸ ಇದ್ದೇ ಇದೆ ಎಂಬುದಕ್ಕೆ ಇದು ಪುಷ್ಟಿ ನೀಡಿತು.

ಇನ್ನೊಂದು ಪ್ರಯತ್ನ ಚಿಕಿತ್ಸೆಯದು. ಔಷಧದಿಂದಲೂ ನಿಲ್ಲದ ದನಿಯನ್ನು ತಗ್ಗಿಸಲು ತಲೆಯ ಮೇಲ್ಮೈಯಿಂದ ಅತ್ಯಲ್ಪ ವಿದ್ಯುತ್ ಹರಿಸುವ 'ಟಿಡಿಸಿಎಸ್' ವಿಧಾನವಿದು. ಫ್ರಾನ್ಸ್‌ನ ತಂಡವೊಂದು 2012ರಲ್ಲಿ 30 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದ ಬಳಿಕ ನಿಮ್ಹಾನ್ಸ್‌ನಲ್ಲಿ ಡಾ. ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ ಇದನ್ನು ಕೈಗೆತ್ತಿಕೊಂಡಿತು. ಎರಡು ಮಿಲಿ ಆಂಪಿಯರ್‌ನಷ್ಟು ವಿದ್ಯುತ್ತನ್ನು ತಲಾ 20 ನಿಮಿಷ, ದಿನಕ್ಕೆ ಎರಡು ಬಾರಿ, ಐದು ದಿನ ಹರಿಸಲಾಗುತ್ತದೆ. ಎಡಮುಂಭಾಗವನ್ನು ಚುರುಕುಗೊಳಿಸಿ, ಅತಿಯಾಗಿ ಸ್ಪಂದಿಸುವ ಎಡ ಶ್ರವಣ ಭಾಗವನ್ನು ಶಾಂತಗೊಳಿಸುವುದು ಇದರ ಉದ್ದೇಶ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಅರಿವಳಿಕೆ ಬೇಕಿಲ್ಲ.

25 ರೋಗಿಗಳ ಮೇಲೆ, ನಿಜವಾದ ಮತ್ತು ತೋರಿಕೆಯ ಚಿಕಿತ್ಸೆಗಳನ್ನು ಹೋಲಿಸಿ ನಿಮ್ಹಾನ್ಸ್ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನಿಜವಾದ ಚಿಕಿತ್ಸೆ ಪಡೆದವರಲ್ಲಿ ದನಿಯ ಕಾಟ ಹೆಚ್ಚು ತಗ್ಗಿತ್ತು. ಆದರೆ ಜಗತ್ತಿನ ಎಲ್ಲ ಪ್ರಯೋಗಗಳೂ ಒಂದೇ ಫಲಿತಾಂಶ ಕೊಟ್ಟಿಲ್ಲ. ಕೆಲವು ಕಡೆ ತೋರಿಕೆಯ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಂಡಿಲ್ಲ. ಹಾಗಾಗಿ ಇದು ಔಷಧಕ್ಕೆ ಬದಲಿಯಲ್ಲ, ಔಷಧ ಸಾಲದಾದಾಗ ತಜ್ಞರು ಯೋಚಿಸುವ ಪೂರಕ ಮಾರ್ಗ.

ಸ್ಕ್ಯಾನ್ ಮಾಡಿಸಿದರೆ ತಿಳಿಯದೇ?

ಗಣಕಯಂತ್ರ ಗುರುತಿಸುತ್ತದೆ ಎಂದಮೇಲೆ ಊರಿನ ಸ್ಕ್ಯಾನಿಂಗ್ ಕೇಂದ್ರದಲ್ಲಿ ಏಕೆ ತಿಳಿಯಬಾರದು ಎಂಬ ಪ್ರಶ್ನೆ ಸಹಜ. ಸಂಶೋಧನೆಯಲ್ಲಿ ಸಿಗುವುದು ಗುಂಪು ಗುಂಪುಗಳ ನಡುವಿನ ವ್ಯತ್ಯಾಸ. ಒಬ್ಬ ವ್ಯಕ್ತಿಯ ಚಿತ್ರ ನೋಡಿ 'ಇದು ಸ್ಕಿಜೋಫ್ರೇನಿಯಾ' ಎಂದು ಹೇಳುವ ಪರೀಕ್ಷೆ ಇನ್ನೂ ಚಿಕಿತ್ಸಾಲಯಕ್ಕೆ ಬಂದಿಲ್ಲ. ರಕ್ತಪರೀಕ್ಷೆಯೂ ಇಲ್ಲ.

ಸಾಮಾನ್ಯ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ನೋಡುವುದು ಕಟ್ಟಡವನ್ನು, ಸಂಚಾರವನ್ನಲ್ಲ. ಗಡ್ಡೆ, ರಕ್ತಸ್ರಾವ, ಸೋಂಕು, ಅಪಸ್ಮಾರದ ಮೂಲದಂಥ ಬೇರೆ ಕಾರಣಗಳಿಂದ ದನಿ ಕೇಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಕೆಲವೊಮ್ಮೆ ಅದನ್ನು ಬರೆಯುತ್ತಾರೆ. ಎಲ್ಲರಿಗೂ ಅದು ಅಗತ್ಯವಿಲ್ಲ. ಕಾಯಿಲೆ ನಿರ್ಧಾರವಾಗುವುದು ಮನೋವೈದ್ಯರು ರೋಗಿಯನ್ನೂ ಮನೆಯವರನ್ನೂ ಕೂರಿಸಿಕೊಂಡು ವಿವರವಾಗಿ ಮಾತನಾಡಿದ ಮೇಲೆ. ವರದಿ 'ನಾರ್ಮಲ್' ಬಂದರೆ ಅದು ಸಮಾಧಾನದ ಸುದ್ದಿಯೇ ಹೊರತು 'ಕಾಯಿಲೆ ಇಲ್ಲ' ಎಂಬ ಪ್ರಮಾಣಪತ್ರವಲ್ಲ.

ದನಿ ಕೇಳಿದವರೆಲ್ಲರೂ ರೋಗಿಗಳೂ ಅಲ್ಲ. ನಿದ್ದೆಗೆ ಜಾರುವ ಹೊತ್ತಿನಲ್ಲಿ ಯಾರೋ ಹೆಸರು ಹಿಡಿದು ಕರೆದಂತಾಗುವುದು, ತೀರಿಕೊಂಡ ಆಪ್ತರ ದನಿ ದುಃಖದ ದಿನಗಳಲ್ಲಿ ಕೇಳಿದಂತಾಗುವುದು ಅನೇಕರ ಅನುಭವ. ಜಾತ್ರೆ, ಉತ್ಸವಗಳಲ್ಲಿ ಮೈಮೇಲೆ ದೇವರು ಬರುವುದು ನಿರ್ದಿಷ್ಟ ಹೊತ್ತಿಗೆ ಆರಂಭವಾಗಿ ಮುಗಿಯುವ ಆಚರಣೆ. ಮರುದಿನ ಆ ವ್ಯಕ್ತಿ ಎಂದಿನಂತೆ ಹೊಲಕ್ಕೆ ಹೋಗುತ್ತಾನೆ. ದನಿ ದಿನಗಟ್ಟಲೆ ಬಿಡದೆ ಕಾಡಿ, ನಿದ್ದೆ, ಊಟ, ಕೆಲಸ, ಸಂಬಂಧಗಳು ಕೆಡತೊಡಗಿದರೆ ಅದು ವೈದ್ಯರ ಬಳಿಗೆ ಹೋಗಬೇಕಾದ ಸಮಯ.

ತಡವಾದಷ್ಟೂ ನಷ್ಟ

1952ರಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದ ನಂತರ ಸ್ಕಿಜೋಫ್ರೇನಿಯಾ ಮನೆಯಲ್ಲಿದ್ದೇ ಚಿಕಿತ್ಸೆ ಪಡೆಯಬಹುದಾದ ಕಾಯಿಲೆಯಾಯಿತು. ಇಂದು ನುಂಗುವ ಮಾತ್ರೆಗಳಲ್ಲದೆ ಹಲವು ವಾರಗಳಿಗೊಮ್ಮೆ ಕೊಡುವ ಚುಚ್ಚುಮದ್ದುಗಳೂ ಇವೆ. ಸುಮಾರು ಮೂರನೇ ಒಂದರಷ್ಟು ರೋಗಿಗಳಲ್ಲಿ ಸಾಮಾನ್ಯ ಔಷಧಗಳು ಸಾಲುವುದಿಲ್ಲ. ಅವರಿಗೆ ಕ್ಲೊಜಪಿನ್ ಎಂಬ ಔಷಧವನ್ನು ನಿಯಮಿತ ರಕ್ತಪರೀಕ್ಷೆಯೊಂದಿಗೆ ಕೊಡಲಾಗುತ್ತದೆ. ತೂಕ ಹೆಚ್ಚಳ, ಮಂಪರು, ಕೈನಡುಕದಂಥ ಅಡ್ಡಪರಿಣಾಮಗಳು ಕಂಡರೆ ಔಷಧವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಿ ಪ್ರಮಾಣ ಬದಲಿಸಿಕೊಳ್ಳಬೇಕು. ಗುಣವಾಯಿತೆಂದು ದಿಢೀರನೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದೇ ಹೆಚ್ಚು.

ಕರ್ನಾಟಕದ ಹಳ್ಳಿಗಳಲ್ಲಿ ಇದಕ್ಕೆ ಚಿಕಿತ್ಸೆ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ನೆರೆಹೊರೆಯಲ್ಲೇ ಇದೆ. ಚಿತ್ರದುರ್ಗದ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ಆರಂಭಿಸಿದ ಪ್ರಯೋಗ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮುಂದೆ ತೀರ್ಥಹಳ್ಳಿ, ತುರುವೇಕೆರೆ ಹಾಗೂ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ಜಗಳೂರು ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ರೋಗಿಗಳನ್ನು ಅವರ ಊರಿನಲ್ಲೇ ಗುರುತಿಸಿ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿದೆ. ಚಿಕಿತ್ಸೆ ಪಡೆದವರಲ್ಲಿ ಅಸಾಮರ್ಥ್ಯ ಗಣನೀಯವಾಗಿ ತಗ್ಗಿದ್ದು ತೀರ್ಥಹಳ್ಳಿಯ ಅಧ್ಯಯನದಲ್ಲಿ ಕಂಡಿದೆ.

ಆದರೂ ಅಂತರ ದೊಡ್ಡದು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಯ ಬಗೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಮೊದಲ ಲಕ್ಷಣ ಕಂಡ ದಿನದಿಂದ ಮೊದಲ ಮಾತ್ರೆಯವರೆಗಿನ ಅವಧಿ ಹೆಚ್ಚಿದಷ್ಟೂ ಚೇತರಿಕೆ ಕಷ್ಟ ಎಂಬುದನ್ನು ಜಗತ್ತಿನ ಅನೇಕ ಅಧ್ಯಯನಗಳು ಹೇಳಿವೆ. ಹರಕೆಗೆ ಹೋಗುವುದನ್ನು ಯಾರೂ ತಡೆಯಬೇಕಿಲ್ಲ. ಆದರೆ ಹರಕೆ ತೀರಲಿ ಎಂದು ಆಸ್ಪತ್ರೆಯನ್ನು ಮುಂದೂಡಬಾರದು.

ಮನೆಯವರು ಏನು ಮಾಡಬೇಕು?

ದನಿ ಇದೆಯೋ ಇಲ್ಲವೋ ಎಂಬ ವಾದಕ್ಕೆ ಇಳಿಯಬಾರದು. 'ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಕಷ್ಟವಾಗುತ್ತಿದೆ ಎಂಬುದು ತಿಳಿಯುತ್ತದೆ' ಎಂಬ ಮಾತು ಗದರಿಕೆಗಿಂತ ಕೆಲಸ ಮಾಡುತ್ತದೆ. ಸದಾ ಟೀಕಿಸುವ, ಸಿಡುಕುವ ವಾತಾವರಣದಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂಬುದು ಸಂಶೋಧನೆಯಿಂದ ತಿಳಿದಿರುವ ಸಂಗತಿ. ದನಿ ಆತನಿಗೆ ಏನು ಹೇಳುತ್ತಿದೆ ಎಂದು ಕೇಳಬೇಕು. ಸಾಯಲು ಅಥವಾ ಇತರರಿಗೆ ಹಾನಿ ಮಾಡಲು ಅದು ಆಜ್ಞಾಪಿಸುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಒಂಟಿಯಾಗಿ ಬಿಡಬಾರದು. ಹಾಗೆಂದು ಇವರೆಲ್ಲರೂ ಅಪಾಯಕಾರಿಗಳೆಂದು ಭಾವಿಸುವುದು ತಪ್ಪು. ಹಿಂಸೆ ಮಾಡುವವರಿಗಿಂತ ಹಿಂಸೆಗೆ ಗುರಿಯಾಗುವವರೇ ಇವರಲ್ಲಿ ಹೆಚ್ಚು.

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ-2017, ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿಸಿದೆ. ಮಾನಸಿಕ ರೋಗಿಯನ್ನು ಯಾವುದೇ ರೂಪದಲ್ಲಿ ಸರಪಳಿಯಿಂದ ಕಟ್ಟುವುದನ್ನು ಅದು ನಿಷೇಧಿಸುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ-2016ರ 21 ವಿಧಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿರುವುದರಿಂದ, ಅರ್ಹರು ಪ್ರಮಾಣಪತ್ರ ಪಡೆದು ಸೌಲಭ್ಯ ಕೇಳಬಹುದು.

ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಕೂಲಿ ಬಿಟ್ಟು, ರೋಗಿಯನ್ನು ಬಸ್ಸಿನಲ್ಲಿ ಸಂಭಾಳಿಸಿಕೊಂಡು ಅಷ್ಟು ದೂರ ಹೋಗುವುದು ಎಲ್ಲರಿಗೂ ಆಗದ ಮಾತು. ಹೋಗಲೇಬೇಕೆಂದೂ ಇಲ್ಲ. ಮೊದಲ ಹೆಜ್ಜೆಯನ್ನು ಜಿಲ್ಲಾ ಆಸ್ಪತ್ರೆಯಲ್ಲೇ ಇಡಬಹುದು. ರಾಜ್ಯದಲ್ಲಿ 2014ರಲ್ಲಿ ಆರಂಭವಾದ 'ಮನೋಚೈತನ್ಯ' ಕಾರ್ಯಕ್ರಮದ ಉದ್ದೇಶವೇ ಮನೋವೈದ್ಯರ ಸೇವೆಯನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ತರುವುದು. ತಮ್ಮ ತಾಲ್ಲೂಕಿನ ಸರದಿ ಯಾವಾಗ ಎಂಬುದನ್ನು ಆಶಾ ಕಾರ್ಯಕರ್ತೆಯರ ಮೂಲಕವೋ ಆಸ್ಪತ್ರೆಯಲ್ಲೋ ವಿಚಾರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮನಸ್' ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಿದುಳಿನ ಜಾಲದ ಎಲ್ಲ ಗಂಟುಗಳನ್ನು ಬಿಡಿಸಲು ವಿಜ್ಞಾನಕ್ಕೆ ಇನ್ನೂ ಕಾಲ ಬೇಕು. ಆದರೆ ಗೋಡೆಯತ್ತ ಮುಖ ಮಾಡಿ ಮಾತನಾಡುವ ಮಗನಿಗೆ ಅಷ್ಟು ಕಾಲ ಕಾಯಬೇಕಾದ ಅಗತ್ಯವಿಲ್ಲ. ಆತನಿಗೆ ಕೇಳುವ ದನಿ ದೆವ್ವದ್ದಲ್ಲ, ನಟನೆಯದೂ ಅಲ್ಲ, ದಾರಿ ತಪ್ಪಿ ಮರಳಿದ ಆತನದೇ ಮಾತು ಎಂಬಷ್ಟು ತಿಳಿವಳಿಕೆ ಮನೆಯವರಿಗೆ ಇದ್ದರೆ, ಮುಂದಿನ ಮಂಗಳವಾರವೇ ತಾಲ್ಲೂಕು ಆಸ್ಪತ್ರೆಯ ಮೆಟ್ಟಿಲು ಹತ್ತಬಹುದು.